ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಬಿಪಿ ಕುಸಿಯುವ ತನಕ ಕಾಯಬೇಕಿಲ್ಲ

ಮಾನ್ಯರೇ,

ಸಿಸೇರಿಯನ್ ಹೆರಿಗೆಗಾಗಿ ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ತಾಯಿಯ ರಕ್ತದೊತ್ತಡ ಇಳಿಯುವುದು ತೀರಾ ಸಾಮಾನ್ಯ. ತಡೆಯಲು ಏನೂ ಮಾಡದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಲ್ಲಿ ಅದು ಆಗಿಯೇ ಆಗುತ್ತದೆ. ಹೀಗೆ ಪದೇ ಪದೇ ಕಾಣುವುದರಿಂದಲೇ ಅದನ್ನು ಸಹಜವೆಂದು ಒಪ್ಪಿಕೊಳ್ಳುವ ರೂಢಿಯೂ ಬೆಳೆದಿದೆ. ಮೊದಲು ಎರಡು ಬಾಟಲಿ ಸಲೈನ್ ಹರಿಸುವುದು, ಆಮೇಲೆ ಬೆನ್ನಿಗೆ ಮದ್ದು ಕೊಡುವುದು, ಬಿಪಿ ಇಳಿದರೆ ಆಗ ಒಂದು ಇಂಜೆಕ್ಷನ್ ಹಾಕುವುದು. ಈ ಕ್ರಮ ಬದಲಾಗಬೇಕು ಎಂದು ಹೇಳುವುದಕ್ಕಾಗಿಯೇ ಈ ಪತ್ರ. ರಕ್ತನಾಳಗಳನ್ನು ಬಿಗಿಗೊಳಿಸುವ ಮದ್ದು ಬಿಪಿ ಇಳಿಯುವ ಮೊದಲೇ ಶುರುವಾಗಬೇಕು. ಸಲೈನ್ ಅದಕ್ಕೆ ಜೊತೆಯಾಗಬಲ್ಲದು, ಬದಲಿಯಾಗಲಾರದು.

ಸ್ಪೈನಲ್ ಅರಿವಳಿಕೆಯ ಬಗ್ಗೆ ಯಾರಿಗೂ ಹೆದರಿಕೆ ಹುಟ್ಟಿಸುವ ಉದ್ದೇಶ ನಮಗಿಲ್ಲ. ತಾಯಿ ಎಚ್ಚರವಾಗಿರುತ್ತಾಳೆ, ಗಂಟಲಿಗೆ ನಳಿಕೆ ಇಳಿಸಬೇಕಿಲ್ಲ, ಮಗುವಿಗೆ ತಲುಪುವ ಮದ್ದು ಅತ್ಯಲ್ಪ. ಸಿಸೇರಿಯನ್‌ಗೆ ಬಹುಪಾಲು ಸಂದರ್ಭಗಳಲ್ಲಿ ಇದೇ ಒಳ್ಳೆಯ ಆಯ್ಕೆ. ಇಷ್ಟು ಒಳ್ಳೆಯ ವಿಧಾನದಲ್ಲಿ ತಡೆಯಬಹುದಾದ ಒಂದು ತೊಂದರೆಯನ್ನು ತಡೆಯದೆ ಬಿಡುತ್ತೇವಲ್ಲ, ಅದೇ ಬೇಸರದ ಸಂಗತಿ.

ಬಿಪಿ ಇಳಿಯುವುದು ಏಕೆ? ಸೊಂಟದ ಮೂರನೇ ಮತ್ತು ನಾಲ್ಕನೇ ಕಶೇರುಗಳ ನಡುವೆ, ಇಲ್ಲವೇ ಅದರ ಕೆಳಗಿನ ಸಂದಿಯಲ್ಲಿ, ಸೂಜಿ ಹಾಕಿ ಬ್ಯುಪಿವಕೇನ್ ಎಂಬ ಮದ್ದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಡುತ್ತಾರೆ. ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಸದಾ ಬಿಗಿಯಾಗಿ ಹಿಡಿದಿಟ್ಟಿರುವ ಸಿಂಪಥೆಟಿಕ್ ನರಗಳೂ ಆಗ ಮರಗಟ್ಟುತ್ತವೆ. ಅಪಧಮನಿಗಳು ಸಡಿಲಗೊಳ್ಳುತ್ತವೆ, ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳು ಹಿಗ್ಗಿ ರಕ್ತ ಅಲ್ಲೇ ನಿಲ್ಲುತ್ತದೆ. ನೀರು ಅಷ್ಟೇ ಇದ್ದು ತೊಟ್ಟಿ ದೊಡ್ಡದಾದರೆ ಮಟ್ಟ ಇಳಿಯುವ ಹಾಗೆ, ಹನಿ ರಕ್ತ ನಷ್ಟವಾಗದೆಯೂ ಒತ್ತಡ ಇಳಿಯುತ್ತದೆ. ಸಿಸೇರಿಯನ್‌ಗೆ ಮೊಲೆತೊಟ್ಟಿನ ಮಟ್ಟದವರೆಗೆ, ಅಂದರೆ ಎದೆಯ ನಾಲ್ಕನೇ ನರದವರೆಗೆ, ಸ್ಪರ್ಶ ಮಂಕಾಗಬೇಕು. ಸಿಂಪಥೆಟಿಕ್ ನರಗಳ ತಡೆ ಅದಕ್ಕಿಂತಲೂ ಒಂದೆರಡು ಮಟ್ಟ ಮೇಲೇರುವುದುಂಟು. ಹೃದಯದ ಬಡಿತವನ್ನು ಹೆಚ್ಚಿಸುವ ನರಗಳು ಎದೆಯ ಮೊದಲ ನಾಲ್ಕು ಮಟ್ಟಗಳಿಂದಲೇ ಹೊರಡುವುದರಿಂದ, ಬಿಪಿಯ ಜೊತೆಗೆ ನಾಡಿಯೂ ನಿಧಾನವಾಗಬಹುದು.

ಇದರ ಮೇಲೆ ತುಂಬುಗರ್ಭದ ಭಾರ. ಅಂಗಾತ ಮಲಗಿದ ಗರ್ಭಿಣಿಯಲ್ಲಿ ಗರ್ಭಕೋಶವು ಕೆಳದೇಹದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಗರ್ಭಕೋಶದ ರಕ್ತಸಂಚಾರಕ್ಕೆ ತಾನೇ ಹೊಂದಿಸಿಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬೇಕು. ತಾಯಿಯ ಒತ್ತಡ ಇಳಿದಷ್ಟೂ ಮಗುವಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ತಾಯಿಗೆ ಹೊಟ್ಟೆ ತೊಳಸು, ವಾಂತಿ, ತಲೆಸುತ್ತು. ಇಳಿತ ಹೆಚ್ಚು ಹೊತ್ತು ಮುಂದುವರಿದರೆ ಮಗುವಿನ ರಕ್ತದಲ್ಲಿ ಆಮ್ಲ ಏರುತ್ತದೆ.

ಹಾಗಾದರೆ ಮೊದಲೇ ಹರಿಸುವ ಸಲೈನ್‌ನಿಂದ ಏಕೆ ಪ್ರಯೋಜನವಾಗುವುದಿಲ್ಲ? ರಿಂಗರ್ ಲ್ಯಾಕ್ಟೇಟ್ ಆಗಲಿ ಸಾದಾ ಸಲೈನ್ ಆಗಲಿ ರಕ್ತನಾಳದೊಳಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಅರ್ಧ ಗಂಟೆ ಮೊದಲು ಕೊಟ್ಟ ಒಂದು ಲೀಟರಿನ ಬಹುಭಾಗ ಸ್ಪೈನಲ್ ಹಿಡಿಯುವ ಹೊತ್ತಿಗೆ ಅಂಗಾಂಶಗಳಿಗೆ ಸೋರಿಹೋಗಿರುತ್ತದೆ. ಆದ್ದರಿಂದ ಅದೇ ದ್ರವವನ್ನು ಬೆನ್ನಿಗೆ ಮದ್ದು ಬಿಡುವ ಕ್ಷಣದಿಂದ ಶುರು ಮಾಡಿ ವೇಗವಾಗಿ ಕೊಡುವುದು ಮೇಲು. ಕಿಲೋ ತೂಕಕ್ಕೆ 10ರಿಂದ 15 ಮಿ.ಲೀ., ಮುಂದಿನ ಹತ್ತು ನಿಮಿಷಗಳಲ್ಲಿ. ಇದಕ್ಕೆ 18 ಗೇಜ್ ಅಥವಾ ಅದಕ್ಕಿಂತ ದಪ್ಪದ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ನಳಿಕೆ; ಗೇಜ್ ಅಂಕಿ ಹೆಚ್ಚಿದಷ್ಟೂ ತೆಳು) ಬೇಕು, ಬ್ಯಾಗಿಗೆ ಒತ್ತು ಪಟ್ಟಿ ಸುತ್ತಬೇಕು. 20 ಗೇಜಿನ ತೆಳು ಕ್ಯಾನುಲಾದಲ್ಲಿ ಆ ವೇಗ ಸಿಗುವುದಿಲ್ಲ. ಆದರೂ ಸಲೈನ್ ಒಂದರಿಂದಲೇ ಬಿಪಿ ನಿಲ್ಲದು. ತೊಟ್ಟಿಯನ್ನೇ ಮತ್ತೆ ಚಿಕ್ಕದು ಮಾಡುವ ಮದ್ದು ಬೇಕೇ ಬೇಕು. ಸ್ಟಾರ್ಚ್ ದ್ರವಗಳು ಒಳಗೆ ಹೆಚ್ಚು ಹೊತ್ತು ನಿಲ್ಲುತ್ತವೆ, ನಿಜ. ಆದರೆ ಮೂತ್ರಪಿಂಡಕ್ಕೆ ಮತ್ತು ರಕ್ತ ಹೆಪ್ಪುಗಟ್ಟುವಿಕೆಗೆ ಅವುಗಳಿಂದ ಆಗುವ ಹಾನಿಯ ಬಗ್ಗೆ ಗಂಭೀರ ಎಚ್ಚರಿಕೆಗಳಿವೆ. ಯುರೋಪ್ ಒಕ್ಕೂಟ 2022ರಲ್ಲಿ ಅವುಗಳ ಮಾರಾಟ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು. ಬೇರೆ ಉತ್ತಮ ದಾರಿ ಇರುವಾಗ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಆ ಉತ್ತಮ ದಾರಿಯೇ ರಕ್ತನಾಳಗಳನ್ನು ಬಿಗಿಗೊಳಿಸುವ ಫಿನೈಲೆಫ್ರಿನ್ ಎಂಬ ಮದ್ದು. ಸಿಸೇರಿಯನ್‌ನಲ್ಲಿ ಬಿಪಿ ನಿರ್ವಹಣೆಯ ಬಗ್ಗೆ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಸ್ಪಷ್ಟವಾಗಿದೆ. ತಾಯಿಯ ಮೇಲಿನ ಬಿಪಿ ಮೊದಲಿದ್ದ ಅಂಕಿಯ ಶೇ 90ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, ಶೇ 80ಕ್ಕಿಂತ ಕೆಳಗೆ ಹೋಗಲು ಬಿಡಲೇಬಾರದು, ಇದಕ್ಕಾಗಿ ಫಿನೈಲೆಫ್ರಿನ್ ಅನ್ನು ಸ್ಪೈನಲ್ ಕೊಟ್ಟ ಕೂಡಲೇ ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂ ವೇಗದಲ್ಲಿ ಶುರು ಮಾಡಬೇಕು. ಉದಾಹರಣೆಗೆ, ಮೊದಲಿನ ಮೇಲಿನ ಬಿಪಿ 120 ಇದ್ದರೆ 108ಕ್ಕಿಂತ ಮೇಲೆ ಉಳಿಸಬೇಕು, 96ಕ್ಕಿಂತ ಕೆಳಗೆ ಇಳಿದರೆ ತಕ್ಷಣ ಕ್ರಮ ಬೇಕು. ‘90 ದಾಟಿದೆ, ಸಾಕು’ ಎಂಬ ಮಾತು ಇಲ್ಲಿ ಸಲ್ಲದು. 140 ಇದ್ದವಳಿಗೆ 95 ಎಂದರೆ ದೊಡ್ಡ ಕುಸಿತ.

ಮದ್ದು ತಯಾರಿಸುವ ಹಂತದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಅಪಾಯಕಾರಿ, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇವೆ. ಫಿನೈಲೆಫ್ರಿನ್ ಸಾಮಾನ್ಯವಾಗಿ 1 ಮಿ.ಲೀ.ಯಲ್ಲಿ 10 ಮಿಲಿಗ್ರಾಂ ಇರುವ ಆಂಪೂಲ್ (ಚಿಕ್ಕ ಗಾಜಿನ ಶೀಶೆ) ಆಗಿ ಸಿಗುತ್ತದೆ. ಒಮ್ಮೆಗೆ ಕೊಡಬೇಕಾದ್ದು 50ರಿಂದ 100 ಮೈಕ್ರೋಗ್ರಾಂ. ಅಂದರೆ ಆಂಪೂಲ್ ಒಂದರಲ್ಲಿ ನೂರರಿಂದ ಇನ್ನೂರು ಡೋಸ್ ಇದೆ. ತೆಳು ಮಾಡದೆ ಕೊಟ್ಟರೆ ಬಿಪಿ ಏಕಾಏಕಿ ನೆಗೆದು, ಶ್ವಾಸಕೋಶಕ್ಕೆ ನೀರು ತುಂಬಿ, ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಸರಳ ದಾರಿ ಎಂದರೆ ಇಡೀ ಆಂಪೂಲನ್ನು 100 ಮಿ.ಲೀ. ಸಲೈನ್ ಬ್ಯಾಗಿಗೆ ಸೇರಿಸಿ, ಚೆನ್ನಾಗಿ ಅಲುಗಾಡಿಸಿ, ಅದರಿಂದ ಸಿರಿಂಜಿಗೆ ಎಳೆದುಕೊಳ್ಳುವುದು. ಆಗ ಪ್ರತಿ ಮಿ.ಲೀ.ಯಲ್ಲಿ 100 ಮೈಕ್ರೋಗ್ರಾಂ ಇರುತ್ತದೆ. ಒಂದು ಸಿರಿಂಜಿನಿಂದ ಇನ್ನೊಂದಕ್ಕೆ ಎರಡು ಬಾರಿ ತೆಳು ಮಾಡುವ ಪದ್ಧತಿಯಲ್ಲಿ ಎಡವುವ ಸಾಧ್ಯತೆ ಹೆಚ್ಚು. ಬ್ಯಾಗಿಗೂ ಸಿರಿಂಜಿಗೂ ಆಗಿಂದಾಗಲೇ ಲೇಬಲ್ ಅಂಟಿಸಬೇಕು, ಮದ್ದಿನ ಹೆಸರಿನ ಜೊತೆಗೆ ಪ್ರತಿ ಮಿ.ಲೀ.ಯ ಪ್ರಮಾಣವನ್ನೂ ಬರೆಯಬೇಕು. ಸಾಧ್ಯವಿದ್ದರೆ ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ಮೊದಲೇ ತೆಳು ಮಾಡಿ ತುಂಬಿಸಿದ ಸಿರಿಂಜ್ ಆಸ್ಪತ್ರೆಗೆ ತರಿಸಲು ಆಗುವುದಾದರೆ, ಅದಕ್ಕೆ ಹಣ ಖರ್ಚು ಮಾಡುವುದು ಸಾರ್ಥಕ.

ಆ ಬಲದ ಮದ್ದನ್ನು ಸಿರಿಂಜ್ ಪಂಪಿನಲ್ಲಿ ಗಂಟೆಗೆ 15ರಿಂದ 30 ಮಿ.ಲೀ. ವೇಗಕ್ಕೆ ಇಟ್ಟರೆ ನಿಮಿಷಕ್ಕೆ 25ರಿಂದ 50 ಮೈಕ್ರೋಗ್ರಾಂ ಆಗುತ್ತದೆ. ಅದರ ಕೊಳವೆಯನ್ನು ಕ್ಯಾನುಲಾಕ್ಕೆ ಆದಷ್ಟು ಹತ್ತಿರ, ಹಿಂದಕ್ಕೆ ಹರಿಯಗೊಡದ ಕವಾಟದ ಜೊತೆ ಜೋಡಿಸಬೇಕು. ದೂರ ಜೋಡಿಸಿದರೆ ಕೊಳವೆಯಲ್ಲಿ ನಿಂತ ಮದ್ದು ಸಲೈನ್ ಜೋರು ಮಾಡಿದಾಗ ಒಮ್ಮೆಲೇ ಒಳನುಗ್ಗುತ್ತದೆ. ಬಿಪಿ ಪಟ್ಟಿ ಮತ್ತು ಡ್ರಿಪ್ ಒಂದೇ ತೋಳಿನಲ್ಲಿ ಇರಬಾರದು. ಪಟ್ಟಿ ಉಬ್ಬಿದಾಗಲೆಲ್ಲ ಮದ್ದು ನಿಂತು, ಸಡಿಲಾದಾಗ ತುಂಬಿಕೊಂಡದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಬಿಪಿ ಏಕೆ ಹೀಗೆ ಏರಿಳಿಯುತ್ತಿದೆ ಎಂದು ತಲೆಕೆಡಿಸಿಕೊಳ್ಳುವ ಎಷ್ಟೋ ಸಂದರ್ಭಗಳಿಗೆ ಕಾರಣ ಇದೊಂದೇ.

ಪಂಪ್ ಇಲ್ಲದ ಕಡೆ ಏನು ಮಾಡುವುದು? ಸ್ಪೈನಲ್ ಆದ ತಕ್ಷಣ 50 ಮೈಕ್ರೋಗ್ರಾಂ ಕೊಟ್ಟು, ನಿಮಿಷ ನಿಮಿಷಕ್ಕೂ ಬಿಪಿ ನೋಡುತ್ತಾ, ಇಳಿಮುಖ ಕಂಡ ಕೂಡಲೇ ಮತ್ತೆ 50ರಿಂದ 100 ಕೊಡುತ್ತಾ ಹೋಗಬಹುದು. ಪಂಪಿನಷ್ಟು ಸಮವಾಗಿ ನಡೆಯದಿದ್ದರೂ, ಕುಸಿದ ಮೇಲೆ ಎತ್ತುವುದಕ್ಕಿಂತ ಎಷ್ಟೋ ಮೇಲು. ಮೈಕ್ರೋಡ್ರಿಪ್ ಸೆಟ್‌ನಲ್ಲಿ ಮಿ.ಲೀ.ಗೆ 60 ಹನಿ ಇರುವುದರಿಂದ ನಿಮಿಷಕ್ಕೆ 15ರಿಂದ 30 ಹನಿ ಎಣಿಸಿಯೂ ಇದೇ ವೇಗ ಪಡೆಯಬಹುದು. ಆದರೆ ಕ್ಲಾಂಪ್ ಸ್ವಲ್ಪ ಸಡಿಲಾದರೂ ಮದ್ದು ನುಗ್ಗುತ್ತದೆ. ಹನಿಯ ಮೇಲೆಯೇ ಕಣ್ಣಿಟ್ಟು ನಿಲ್ಲಲು ಒಬ್ಬರು ಇಲ್ಲದಿದ್ದರೆ ಅದು ಬೇಡ, ಸಿರಿಂಜಿನಿಂದ ಬಿಡಿಬಿಡಿಯಾಗಿ ಕೊಡುವುದೇ ಸುರಕ್ಷಿತ.

ಫಿನೈಲೆಫ್ರಿನ್ ಕೊಡುವಾಗ ನಾಡಿಯ ಮೇಲೆ ಗಮನವಿರಬೇಕು. ಬಿಪಿ ಏರಿದಾಗ ಹೃದಯ ತಾನಾಗಿ ನಿಧಾನವಾಗುತ್ತದೆ. ಬಿಪಿ ಚೆನ್ನಾಗಿದ್ದು ನಾಡಿ 60ಕ್ಕಿಂತ ಕೆಳಗೆ ಬಂದರೆ ಮೊದಲು ಮಾಡಬೇಕಾದ್ದು ಪಂಪ್ ನಿಧಾನಿಸುವುದು ಅಥವಾ ನಿಲ್ಲಿಸುವುದು. ಆಗ ನಾಡಿ ಏರಿಸುವ ಅಟ್ರೋಪಿನ್ ಕೊಟ್ಟರೆ ಬಿಪಿ ಇನ್ನೂ ಮೇಲಕ್ಕೆ ಹಾರಬಹುದು. ಬಿಪಿಯೂ ಕಡಿಮೆ, ನಾಡಿಯೂ ಕಡಿಮೆ ಎಂದಾದರೆ ಮಾತು ಬೇರೆ. ಅಲ್ಲಿ ಬಿಪಿ, ನಾಡಿ ಎರಡನ್ನೂ ಏರಿಸುವ ಮದ್ದು ಬೇಕು: 5ರಿಂದ 10 ಮಿಲಿಗ್ರಾಂ ಎಫೆಡ್ರಿನ್ ಅಥವಾ 3ರಿಂದ 6 ಮಿಲಿಗ್ರಾಂ ಮೆಫೆಂಟರ್ಮಿನ್, ನಾಡಿ ತೀರಾ ಬಿದ್ದರೆ ಅಟ್ರೋಪಿನ್ 0.6 ಮಿಲಿಗ್ರಾಂ ಅಥವಾ ಗ್ಲೈಕೋಪೈರೊಲೇಟ್. ಇದಕ್ಕೂ ಜಗ್ಗದೆ ಎರಡೂ ಕುಸಿಯುತ್ತಲೇ ಇದ್ದರೆ ಅಡ್ರಿನಲಿನ್‌ಗೆ ತಡಮಾಡಬಾರದು. 10 ಮೈಕ್ರೋಗ್ರಾಂನಿಂದ ಶುರು ಮಾಡಿ ಏರಿಸಬೇಕು.

ಎಫೆಡ್ರಿನ್ ಒಂದನ್ನೇ ನೆಚ್ಚಿಕೊಳ್ಳುವ ಹಳೆಯ ಅಭ್ಯಾಸ ಬಿಡಬೇಕು. ಅದು ಮಾಸು ದಾಟಿ ಮಗುವಿಗೆ ತಲುಪುತ್ತದೆ, ಮಗುವಿನ ರಕ್ತದ ಆಮ್ಲ ಏರಿಸುತ್ತದೆ. ಪದೇ ಪದೇ ಕೊಟ್ಟಾಗ ಅದರ ಪ್ರಭಾವವೂ ಕುಂದುತ್ತದೆ. ನಾರ್‌ಅಡ್ರಿನಲಿನ್ ಈಗ ಫಿನೈಲೆಫ್ರಿನ್‌ಗೆ ಸರಿಸಾಟಿಯಾಗಿ ನಿಂತಿದೆ; ನಾಡಿಯನ್ನು ಅಷ್ಟು ಇಳಿಸದಿರುವುದು ಅದರ ಗುಣ. ಸುಮಾರು 8 ಮೈಕ್ರೋಗ್ರಾಂ ನಾರ್‌ಅಡ್ರಿನಲಿನ್ 100 ಮೈಕ್ರೋಗ್ರಾಂ ಫಿನೈಲೆಫ್ರಿನ್‌ಗೆ ಸಮ. ಅದನ್ನು ಇನ್ನೂ ಹೆಚ್ಚು ತೆಳು ಮಾಡಬೇಕಾದ್ದರಿಂದ ತಪ್ಪಿಗೆ ಅವಕಾಶವೂ ಹೆಚ್ಚು. ಆಂಪೂಲಿನ ಮೇಲಿನ ಅಂಕಿ ಲವಣದ್ದೋ ಶುದ್ಧ ಮದ್ದಿನದ್ದೋ ಎಂದೂ ನೋಡಬೇಕು, 2 ಮಿಲಿಗ್ರಾಂ ಬೈಟಾರ್ಟ್ರೇಟ್ ಲವಣದಲ್ಲಿ ಮದ್ದು ಇರುವುದು 1 ಮಿಲಿಗ್ರಾಂ ಮಾತ್ರ.

ಬೆನ್ನಿಗೆ ಕೊಡುವ ಮದ್ದಿನ ಪ್ರಮಾಣ ಕಡಿಮೆ ಮಾಡಿದರೆ ಬಿಪಿ ಅಷ್ಟಾಗಿ ಇಳಿಯುವುದಿಲ್ಲವಲ್ಲ ಎಂದು ಕೇಳಬಹುದು. ಹೌದು, ಆದರೆ ಅದಕ್ಕೊಂದು ಮಿತಿ ಇದೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಶೇ 0.5ರ ಹೆವಿ ಬ್ಯುಪಿವಕೇನ್ 2ರಿಂದ 2.4 ಮಿ.ಲೀ., ಅಂದರೆ 10ರಿಂದ 12 ಮಿಲಿಗ್ರಾಂ ಕೊಡುತ್ತಾರೆ. 10ರಿಂದ 15 ಮೈಕ್ರೋಗ್ರಾಂ ಫೆಂಟನಿಲ್ ಎಂಬ ನೋವುನಿವಾರಕ ಸೇರಿಸಿದರೆ ಬ್ಯುಪಿವಕೇನನ್ನು ಸ್ವಲ್ಪ ಇಳಿಸಬಹುದು. 8 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಬಿಪಿ ಉಳಿದೀತು, ಆದರೆ ಶಸ್ತ್ರಚಿಕಿತ್ಸೆಯ ನಡುವೆ ತಾಯಿಗೆ ನೋವು ಕಾಣಿಸಿಕೊಳ್ಳಬಹುದು. ಜೊತೆಗೆ ಎಪಿಡ್ಯೂರಲ್ ಕ್ಯಾಥೆಟರ್ (ಬೇಕಾದಾಗ ಇನ್ನಷ್ಟು ಮದ್ದು ಕೊಡಲು ಬೆನ್ನಿನಲ್ಲಿ ಇರಿಸುವ ತೆಳು ನಳಿಕೆ) ಇಟ್ಟುಕೊಳ್ಳದೆ ಅಷ್ಟು ಕಡಿಮೆ ಮಾಡುವುದು ಸರಿಯಲ್ಲ. ಹೊಟ್ಟೆ ತೆರೆದಿರುವಾಗ ನೋವು ಅನುಭವಿಸುವುದು ಬಿಪಿ ಇಳಿತಕ್ಕಿಂತ ಸಣ್ಣ ತೊಂದರೆಯೇನಲ್ಲ.

ಗರ್ಭಕೋಶದ ಒತ್ತಡ ತಪ್ಪಿಸಲು ಬಲ ಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ 15 ಡಿಗ್ರಿ ವಾಲಿಸುವುದು ರೂಢಿ. ಗರ್ಭಿಣಿಯರ ಎಂಆರ್‌ಐ ಚಿತ್ರಗಳಲ್ಲಿ 15 ಡಿಗ್ರಿಗೆ ಆ ದೊಡ್ಡ ಅಭಿಧಮನಿ ಹೆಚ್ಚೇನೂ ತೆರೆದುಕೊಳ್ಳಲಿಲ್ಲ, 30 ಡಿಗ್ರಿಗೆ ತೆರೆಯಿತು. ಕಣ್ಣಂದಾಜಿನಲ್ಲಿ ನಾವು ವಾಲಿಸುವುದು 15ಕ್ಕಿಂತಲೂ ಕಡಿಮೆಯೇ ಇರುತ್ತದೆ. 30 ಡಿಗ್ರಿಯಲ್ಲಿ ಶಸ್ತ್ರಚಿಕಿತ್ಸೆ ಕಷ್ಟ. ಹೀಗಾಗಿ ವಾಲಿಸುವುದನ್ನು ಬಿಡದೆ, ಬಿಪಿ ಏಳದಿದ್ದಾಗ ಕೈಯಿಂದಲೇ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿಯಬೇಕು. ಕಾಲುಗಳಿಗೆ ಪಾದದಿಂದ ತೊಡೆಯವರೆಗೆ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತುವುದರಿಂದಲೂ, ಸ್ಪೈನಲ್‌ಗೆ ಐದು ನಿಮಿಷ ಮೊದಲು 4 ಮಿಲಿಗ್ರಾಂ ಆಂಡಾನ್ಸೆಟ್ರಾನ್ (ವಾಂತಿ ತಡೆಯುವ ಮದ್ದು) ಕೊಡುವುದರಿಂದಲೂ ಸ್ವಲ್ಪ ಅನುಕೂಲವಿದೆ. ಬಿಪಿ ಇಳಿದಾಗ ಗಾಬರಿಯಲ್ಲಿ ಟೇಬಲ್ಲಿನ ತಲೆಯ ಕಡೆ ತಗ್ಗಿಸುವುದು ಮಾತ್ರ ಬೇಡ. ಹೆವಿ ಬ್ಯುಪಿವಕೇನ್ ಬೆನ್ನುಹುರಿಯ ದ್ರವಕ್ಕಿಂತ ಭಾರವಾದ್ದರಿಂದ, ಮೊದಲ ನಿಮಿಷಗಳಲ್ಲಿ ತಲೆ ತಗ್ಗಿಸಿದರೆ ಕುತ್ತಿಗೆಯ ಕಡೆಗೆ ಹರಿಯುತ್ತದೆ. ತಲೆ ಮತ್ತು ಭುಜದ ಕೆಳಗೆ ದಿಂಬು ಇದ್ದೇ ಇರಲಿ, ಎತ್ತಬೇಕಾದ್ದು ಕಾಲುಗಳನ್ನು ಮಾತ್ರ. ಕೈಬೆರಳುಗಳಲ್ಲಿ ಬಲ ಕುಂದುವುದು, ದನಿ ಪಿಸುಮಾತಿನಂತಾಗುವುದು, ಉಸಿರಾಟ ಕಷ್ಟವೆನಿಸುವುದು ಮದ್ದು ಮೇಲೇರುತ್ತಿರುವುದರ ಸೂಚನೆ.

ಬಿಪಿಯನ್ನು ಅಳೆಯುವುದರಲ್ಲೂ ತಪ್ಪುಗಳಾಗುತ್ತವೆ. ಮೊದಲಿನ ಅಂಕಿಯನ್ನು ಹೆದರಿ ಕುಳಿತ ತಾಯಿಯ ಒಂದೇ ಅಳತೆಯಿಂದ ನಿರ್ಧರಿಸಬಾರದು, ಎರಡು ಮೂರು ಬಾರಿ ನೋಡಬೇಕು. ಸ್ಪೈನಲ್ ಆದ ಮೇಲೆ ಮಗು ಹೊರಬರುವ ತನಕ ನಿಮಿಷಕ್ಕೊಮ್ಮೆ ಅಳೆಯಬೇಕು. ಐದು ನಿಮಿಷಕ್ಕೊಮ್ಮೆ ಅಳೆಯುವ ಯಂತ್ರ ಕುಸಿತ ಆಗಿ ಮುಗಿದ ಮೇಲೆ ಅದನ್ನು ವರದಿ ಮಾಡುತ್ತದೆ ಅಷ್ಟೇ. ಎಡಕ್ಕೆ ವಾಲಿದವಳ ಬಲತೋಳು ಹೃದಯಕ್ಕಿಂತ ಮೇಲಿರುತ್ತದೆ. ಪಟ್ಟಿ 10 ಸೆಂ.ಮೀ. ಮೇಲಿದ್ದರೆ ಓದು ಸುಮಾರು 7 ಅಂಕಿ ಕಡಿಮೆ ತೋರುತ್ತದೆ. ನಡುಕ ಬಂದಾಗ ಯಂತ್ರ ತಡಕಾಡುತ್ತದೆ, ಆಗ ನಾಡಿಯನ್ನು ಕೈಯಿಂದ ಮುಟ್ಟಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ತಾಯಿಯ ಮಾತು ಕೇಳಿ. ಆಕಳಿಕೆ, ಹೊಟ್ಟೆ ತೊಳಸು, ‘ಏನೋ ಒಂಥರಾ ಆಗ್ತಿದೆ’ ಎಂಬ ಮಾತು ಎಷ್ಟೋ ಸಲ ಯಂತ್ರದ ಅಂಕಿಗಿಂತ ಮೊದಲೇ ಬರುತ್ತವೆ. ಅದಕ್ಕೆ ವಾಂತಿ ನಿಲ್ಲಿಸುವ ಮದ್ದಲ್ಲ, ಮೊದಲು ಬಿಪಿಗೆ ಚಿಕಿತ್ಸೆ.

ಮಗು ಹೊರಬಂದ ಮೇಲೆ ಎರಡನೇ ಕುಸಿತವೊಂದು ಕಾದಿರುತ್ತದೆ. ಗರ್ಭಕೋಶ ಗಟ್ಟಿಯಾಗಲು ಕೊಡುವ ಆಕ್ಸಿಟೋಸಿನ್ ರಕ್ತನಾಳಗಳನ್ನು ಸಡಿಲಿಸುತ್ತದೆ. 5 ಅಥವಾ 10 ಯೂನಿಟ್ ಒಮ್ಮೆಲೇ ನೂಕಿದರೆ ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ಬಿಪಿ ಕ್ಷಣದಲ್ಲಿ ಇಳಿಯುತ್ತದೆ. ಮೊದಲೇ ನಿಗದಿಯಾದ ಸಿಸೇರಿಯನ್‌ನಲ್ಲಿ 1 ಯೂನಿಟ್, ಹೆರಿಗೆ ನೋವು ಬಹಳ ಹೊತ್ತು ನಡೆದಿದ್ದವರಲ್ಲಿ ಅರ್ಧ ನಿಮಿಷಕ್ಕಿಂತ ನಿಧಾನವಾಗಿ 3 ಯೂನಿಟ್, ಆಮೇಲೆ ಡ್ರಿಪ್. ಇಷ್ಟು ಸಾಮಾನ್ಯವಾಗಿ ಸಾಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಈ ಹಂತದಲ್ಲಿ ಬಿಪಿ ಇಳಿದು ನಾಡಿ ವೇಗವಾಗುತ್ತಿದ್ದರೆ ಎಲ್ಲವನ್ನೂ ಸ್ಪೈನಲ್ ಮೇಲೆ ಹೊರಿಸಿ ಫಿನೈಲೆಫ್ರಿನ್ ಏರಿಸುತ್ತಾ ಹೋಗಬಾರದು. ರಕ್ತಸ್ರಾವವಿದೆಯೇ ಎಂದು ನೋಡಬೇಕು. ಮದ್ದಿನಿಂದ ಎತ್ತಿ ನಿಲ್ಲಿಸಿದ ಅಂಕಿ ರಕ್ತ ಹೋಗುತ್ತಿರುವುದನ್ನು ಮುಚ್ಚಿಡಬಲ್ಲದು.

ಗರ್ಭಿಣಿಗೆ ಪ್ರಿಎಕ್ಲಾಂಪ್ಸಿಯಾ, ಅಂದರೆ ಗರ್ಭಾವಸ್ಥೆಯಲ್ಲೇ ಬಿಪಿ ಏರುವ ಕಾಯಿಲೆ, ಇದ್ದರೆ ಸ್ಪೈನಲ್ ನಂತರದ ಇಳಿತ ಆರೋಗ್ಯವಂತ ಗರ್ಭಿಣಿಯರಿಗಿಂತ ಕಡಿಮೆ. ಅವರಿಗೆ ಫಿನೈಲೆಫ್ರಿನ್ ಚಿಕ್ಕ ಪ್ರಮಾಣದಲ್ಲಿ ಸಾಕು.

ಸೊಂಟದ ಮೂಳೆ ಮುರಿದು ಸ್ಪೈನಲ್ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಗೆ ಬರುವ ವಯಸ್ಸಾದವರ ಸ್ಥಿತಿ ಬೇರೆ. ಅವರ ರಕ್ತನಾಳಗಳು ಗಡುಸಾಗಿರುತ್ತವೆ, ಹೃದಯ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ, ಬಿದ್ದ ದಿನದಿಂದ ಊಟ ನೀರು ಸರಿಯಾಗಿ ಸೇರಿರುವುದಿಲ್ಲ. ಬ್ಯುಪಿವಕೇನ್ 10 ಮಿಲಿಗ್ರಾಂ ಮೀರಬಾರದು, ಅದಕ್ಕಿಂತ ಕಡಿಮೆಯಲ್ಲಿ ಕೆಲಸ ಆಗುವುದಾದರೆ ಇನ್ನೂ ಒಳ್ಳೆಯದು. ತೆಳು ಕ್ಯಾಥೆಟರ್ ಇಟ್ಟು 2.5 ಮಿಲಿಗ್ರಾಂನಂತೆ ಹಂತ ಹಂತವಾಗಿ ಕೊಟ್ಟರೆ ಇಳಿತ ಬಹಳ ಸೌಮ್ಯ. ಲೀಟರುಗಟ್ಟಲೆ ಸಲೈನ್ ಇವರಿಗೆ ಸಲ್ಲದು, ಮರಗಟ್ಟಿದ್ದು ಬಿಟ್ಟುಹೋದ ಮೇಲೆ ಅದೆಲ್ಲ ಶ್ವಾಸಕೋಶಕ್ಕೆ ಏರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಹೃದಯದಲ್ಲಿ ಮರ್ಮರ ಕೇಳಿಸಿದರೆ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದು ಒಳಿತು. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರುವವರಿಗೆ ಒಂದೇ ಸಲ ಪೂರ್ಣ ಪ್ರಮಾಣದ ಸ್ಪೈನಲ್ ಕೊಡುವುದು ಅಪಾಯ.

ಮೇಲೆ ಹೇಳಿದ ಡೋಸ್‌ಗಳೆಲ್ಲ ತರಬೇತಿ ಪಡೆದ ವೈದ್ಯರಿಗೆ. ರೋಗಿ ಮತ್ತು ಮನೆಯವರ ಕೈಯಲ್ಲಿರುವುದೂ ಕಡಿಮೆಯೇನಲ್ಲ. ‘ರಾತ್ರಿ 12ರ ಮೇಲೆ ಹನಿ ನೀರೂ ಬೇಡ’ ಎಂಬ ಸೂಚನೆಯನ್ನು ಹಾಗೆಯೇ ಒಪ್ಪಿಕೊಂಡು, ಮಧ್ಯಾಹ್ನದ ಶಸ್ತ್ರಚಿಕಿತ್ಸೆಗೆ ಬಾಯಾರಿ ಬರುವವರು ತುಂಬಾ. ನಿಗದಿತ ಶಸ್ತ್ರಚಿಕಿತ್ಸೆಗೆ ಊಟ 6 ಗಂಟೆ ಮೊದಲು ನಿಂತರೆ ಸಾಕು, ನೀರು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಹಾಲು, ಹಾಲು ಬೆರೆಸಿದ ಚಹಾ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಇದಕ್ಕೆ ಅಡ್ಡಿಯೇನಾದರೂ ಇದೆಯೇ ಎಂದು ಅರಿವಳಿಕೆ ವೈದ್ಯರನ್ನು ಹಿಂದಿನ ದಿನವೇ ಕೇಳಿ. ನುಂಗುವ ಬಿಪಿ ಮಾತ್ರೆಗಳ ಚೀಟಿಯನ್ನು ತಪ್ಪದೆ ತೋರಿಸಿ. ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂಥವನ್ನು ಸಾಮಾನ್ಯವಾಗಿ 24 ಗಂಟೆ ಮೊದಲು ನಿಲ್ಲಿಸಲು ಹೇಳುತ್ತಾರೆ. ಮೆಟೊಪ್ರೊಲಾಲ್, ಅಟೆನೊಲಾಲ್ ನಿಲ್ಲಿಸುವಂತಿಲ್ಲ. ಯಾವುದನ್ನೂ ಸ್ವಂತ ನಿರ್ಧಾರದಿಂದ ಬಿಡಬೇಡಿ. ಟೇಬಲ್ಲಿನ ಮೇಲೆ ಸಂಕೋಚ ಬೇಡ, ಹೊಟ್ಟೆ ತೊಳಸಿದರೆ, ತಲೆ ಹಗುರಾದರೆ, ಉಸಿರು ಕಟ್ಟಿದಂತಾದರೆ ಆ ಕ್ಷಣವೇ ಹೇಳಿ.

ವಾರ್ಡಿಗೆ ಬಂದ ಮೇಲೂ ಕೆಲವು ಗಂಟೆ ನರಗಳು ಪೂರ್ತಿ ಎಚ್ಚೆತ್ತಿರುವುದಿಲ್ಲ. ಕಾಲು ಅಲುಗಾಡಿಸಲು ಬಂದ ಮಾತ್ರಕ್ಕೆ ಎದ್ದು ನಿಲ್ಲಬಾರದು. ಮೊದಲು ಹಾಸಿಗೆಯ ತಲೆಭಾಗ ಎತ್ತಿಸಿ, ಆಮೇಲೆ ಕಾಲು ಇಳಿಬಿಟ್ಟು ಕೆಲವು ನಿಮಿಷ ಕುಳಿತು, ಬಿಪಿ ನೋಡಿಸಿಕೊಂಡು, ನರ್ಸ್ ಪಕ್ಕದಲ್ಲಿರುವಾಗಲೇ ಮೊದಲ ಸಲ ಶೌಚಾಲಯಕ್ಕೆ ಹೋಗಬೇಕು.

ಇಂತಿ,
ಅರಿವಳಿಕೆ ತಜ್ಞ ವೈದ್ಯರು